ಕಾವಲಿನ ಗೋಡೆಯೂ ಗಿರಣಿಯ ಬಾಗಿಲೂ

ನಾಯಕನಹಟ್ಟಿಯ ಹೆಸರು ಕೇಳದವರು ನಮ್ಮ ಜಿಲ್ಲೆಯಲ್ಲಿ ಇಲ್ಲ. ಫಾಲ್ಗುಣದ ತೇರಿಗೆ ಗಿರಣಿಯವರೂ ಹೋಗುತ್ತಾರೆ, ಅಂಗಡಿಯವರೂ ಹೋಗುತ್ತಾರೆ. ಕೆರೆಗಳನ್ನು ಕಟ್ಟಿಸಿ, ಮಾಡಿದಷ್ಟು ನೀಡೆಂದು ಹೇಳಿದ ತಿಪ್ಪೇರುದ್ರಸ್ವಾಮಿಗೆ ಕೈಮುಗಿದು ಬರುತ್ತಾರೆ. ಆದರೆ ಆ ಸೀಮೆಯ ಕುದಾಪುರ, ವರವು, ಉಳ್ಳಾರ್ತಿ ಎಂಬ ಹಳ್ಳಿಗಳಲ್ಲಿ ಜನರು ಏನನ್ನು ನಂಬಿ ಬದುಕುತ್ತಾರೆಂದು ವಿಚಾರಿಸಿದವರು ಎಷ್ಟು ಮಂದಿ? ಈ ಭಾಗದವರಿಗೆ ತಾಲ್ಲೂಕು ಕಚೇರಿ ಚಳ್ಳಕೆರೆಯಲ್ಲಿ, ನಾಯಕನಹಟ್ಟಿಯ ಓಟು ಮಾತ್ರ ಮೊಳಕಾಲ್ಮುರು ಕ್ಷೇತ್ರಕ್ಕೆ. ಹೊಣೆ ಹೊರಬೇಕಾದವರು ಒಬ್ಬರ ಮೇಲೊಬ್ಬರು ಜಾರಿಸಿಕೊಳ್ಳಲು ಇದೂ ಒಂದು ಅನುಕೂಲವೇ ಸರಿ.

ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ನಾಡು ಇದು. ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು ಸುರಿದರೆ ಒಳ್ಳೆಯ ವರ್ಷ. ಕೆಂಪು ಮಣ್ಣಿನಲ್ಲಿ ಶೇಂಗಾ ಬಿತ್ತುತ್ತಾರೆ. ಹೂವು ಬಿಡುವಾಗ ಮಳೆ ಕೈಕೊಟ್ಟರೆ ಬೀಜದ ದುಡ್ಡೂ ಹುಟ್ಟುವುದಿಲ್ಲ. ಅಂಥ ವರ್ಷಗಳಲ್ಲಿ ಮನೆಯನ್ನು ಎತ್ತಿ ಹಿಡಿಯುವುದು ಕುರಿ. ಮಗಳ ಮದುವೆಗೆ ನಾಲ್ಕು, ಸಾಲದ ಕಂತಿಗೆ ಎರಡು, ಹೀಗೆ ಸಂತೆಗೆ ಹೊಡೆದುಕೊಂಡು ಹೋಗುತ್ತಾರೆ. ಕರಿಯ ಉಣ್ಣೆಯಿಂದ ನೂಲು ತೆಗೆದು, ಹುಣಸೆಬೀಜದ ಸರಿ ಹಚ್ಚಿ ನೇಯ್ದ ಚಳ್ಳಕೆರೆಯ ಕಂಬಳಿಗೆ ದೂರದ ಊರುಗಳಲ್ಲಿಯೂ ಬೆಲೆಯಿದೆ. ಮ್ಯಾಸನಾಯಕರ ದೇವರ ಎತ್ತುಗಳ ಹಿಂಡನ್ನು ಮೇಯಿಸುವ ಕಿಲಾರಿಗಳೂ ಇದೇ ಸೀಮೆಯವರು. ಇವರೆಲ್ಲರ ಬೊಕ್ಕಸವೆಂದರೆ ಒಂದೇ: ಅಮೃತಮಹಲ್ ಕಾವಲು.

ಮೈಸೂರು ಅರಸರು ತಮ್ಮ ರಾಸುಗಳಿಗಾಗಿ ಕಾದಿರಿಸಿದ ಹುಲ್ಲುಗಾವಲುಗಳು ಇವು. ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಬಂತು. ಹೈದರ್ ಮತ್ತು ಟಿಪ್ಪುವಿನ ಫಿರಂಗಿಗಳನ್ನು ಎಳೆದದ್ದು ಈ ಎತ್ತುಗಳೇ. 1799ರ ತರುವಾಯ ಇಂಗ್ಲಿಷರೂ ಅವನ್ನೇ ಹೂಡಿದರು. ಅರಸರು ಹೋದರು, ಇಂಗ್ಲಿಷರು ಹೋದರು. ಹುಲ್ಲು ಉಳಿಯಿತು, ಹುಲ್ಲನ್ನು ನಂಬಿದ ಹಳ್ಳಿಯವರು ಉಳಿದರು. ಕಾಗದದಲ್ಲಿ ಮಾತ್ರ ಅವರ ಹೆಸರು ಎಂದೂ ಇರಲಿಲ್ಲ.

ಆ ಕಾಗದದ ಬಲದಿಂದಲೇ 2007ರಿಂದ 2010ರೊಳಗೆ ಕಾವಲನ್ನು ಹಂಚಲಾಯಿತು. ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಬಾಹ್ಯಾಕಾಶ ಸಂಸ್ಥೆಗೆ 573. ಈ ನಾಲ್ಕೇ ಕೂಡಿದರೆ ಎಂಟು ಸಾವಿರ ಎಕರೆ ದಾಟುತ್ತದೆ. ಖಾಸಗಿ ಕಂಪನಿಯೊಂದಕ್ಕೆ ಸೂರ್ಯವಿದ್ಯುತ್ತಿಗೆಂದು ಕೊಟ್ಟದ್ದು ಬೇರೆ. ತಮ್ಮನ್ನು ಒಂದು ಮಾತೂ ಕೇಳಲಿಲ್ಲ, ಗೋಡೆ ಏಳತೊಡಗಿದಾಗಲೇ ತಮಗೆ ತಿಳಿಯಿತು ಎಂಬುದು ಗ್ರಾಮಸ್ಥರ ದೂರು. 2013ರಲ್ಲಿ ಹಸಿರು ನ್ಯಾಯಮಂಡಳಿಯಲ್ಲಿ ವಿಚಾರಣೆ ನಡೆಯಿತು. ಕೆಲಕಾಲ ಕೆಲಸ ನಿಂತದ್ದೂ ಉಂಟು, ಮತ್ತೆ ನಡೆದದ್ದೂ ಉಂಟು. 2017ರ ಮೇ 28ರಂದು ವಿಮಾನ ಪರೀಕ್ಷಾ ಕ್ಷೇತ್ರದ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಅದೇ ಓಡುದಾರಿಯ ಮೇಲೆ ರೆಕ್ಕೆಯ ರಾಕೆಟ್ಟೊಂದು ತಾನಾಗಿ ಬಂದು ಇಳಿದಾಗ ದೇಶವೆಲ್ಲ ಚಳ್ಳಕೆರೆಯ ಹೆಸರು ಕೇಳಿತು. ಗೋಡೆಯ ಹೊರಗಿನ ಹಳ್ಳಿಗಳ ಹೆಸರನ್ನು ಯಾರೂ ಕೇಳಲಿಲ್ಲ.

ನಾವು ವಿಜ್ಞಾನದ ವಿರೋಧಿಗಳಲ್ಲ. ಕುದಾಪುರದಲ್ಲಿ ವಿಜ್ಞಾನ ಸಂಸ್ಥೆಯವರು ಶಾಲಾ ಉಪಾಧ್ಯಾಯರಿಗೆ ಪ್ರಯೋಗಗಳನ್ನು ಕೈಯಾರೆ ಮಾಡಿಸಿ ತರಬೇತಿ ಕೊಡುತ್ತಿರುವುದು ಮೆಚ್ಚತಕ್ಕ ಕೆಲಸ. ಶಾಲೆಯ ಹಲಗೆಯ ಮುಂದೆ ನಿಂತು ಬಂದ ನಮಗೆ ಅದರ ಬೆಲೆ ಗೊತ್ತು. ನಮ್ಮ ಪ್ರಶ್ನೆ ಬೇರೆ. ಹುಲ್ಲು ಬೆಳೆಯುವ ನೆಲವನ್ನು “ಪಾಳು” ಎಂದು ಬರೆದವರಾರು? ಮೇಯಿಸುವವನನ್ನು ಕೇಳದೆ ಬರೆದದ್ದು ಯಾವ ಕಾನೂನು?

ಕುರಿಯ ಮೇವಿಗೂ ನಮ್ಮ ಗಿರಣಿಗೂ ಏನು ನಂಟು ಎಂದು ವಾಚಕರಲ್ಲಿ ಕೆಲವರು ಕೇಳಿಯಾರು. ಮೇವು ಹೋದರೆ ಕುರಿ ಮಾರಬೇಕು. ಕುರಿ ಮಾರಿದ ರೈತ ಮುಂದಿನ ಬರಗಾಲದಲ್ಲಿ ಹೊಲ ಬಿಟ್ಟು ಗಿರಣಿಯ ಬಾಗಿಲಿಗೆ ಬರುತ್ತಾನೆ, ಇಲ್ಲವೆ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಬಾಗಿಲಿಗೆ ಬಂದವನು ಹಸಿದವನು. ಸಿಕ್ಕಷ್ಟು ಕೂಲಿಗೆ ಮೂಟೆ ಹೊರುತ್ತಾನೆ. ಹಮಾಲರು ಕೂಲಿ ಹೆಚ್ಚಿಸಿ ಎಂದು ಕೇಳಿದ ದಿನ ಮಾಲೀಕರು ಅವನ ಕಡೆಗೆ ಬೆರಳು ತೋರಿಸುತ್ತಾರೆ. ಊರು ಬಿಟ್ಟು ಹೋದವನ ಹೆಸರು ಅಂಗಡಿಯವರ ಉದ್ರಿ ಪುಸ್ತಕದಲ್ಲಿ ಉಳಿದುಬಿಡುತ್ತದೆ.

ನಂಟು ಇಷ್ಟಕ್ಕೇ ಮುಗಿಯುವುದಿಲ್ಲ. ಎಣ್ಣೆಗಿರಣಿಗಳಿಂದಾಗಿ ಚಳ್ಳಕೆರೆಯನ್ನು ಎರಡನೆಯ ಮುಂಬಯಿ ಎನ್ನುತ್ತಿದ್ದ ಕಾಲವೊಂದಿತ್ತು. 1986ರಲ್ಲಿ ಎಣ್ಣೆಕಾಳುಗಳ ಯೋಜನೆ ಆರಂಭವಾದ ಮೇಲೆ ದೇಶ ಹೆಚ್ಚುಕಡಮೆ ತನ್ನ ಎಣ್ಣೆಯನ್ನು ತಾನೇ ಬೆಳೆದುಕೊಳ್ಳುವ ಹಂತಕ್ಕೆ ಬಂದಿತ್ತು. 1994ರಲ್ಲಿ ತಾಳೆಎಣ್ಣೆಯ ಆಮದಿಗೆ ಬಾಗಿಲು ತೆರೆದರು. ಮೊದಲು ನೂರಕ್ಕೆ 65ರಷ್ಟಿದ್ದ ಸುಂಕವನ್ನು 1998ರ ಹೊತ್ತಿಗೆ 15ಕ್ಕೆ ಇಳಿಸಿದರು. ಅಗ್ಗದ ಎಣ್ಣೆ ಹಡಗುಹಡಗಾಗಿ ಬಂತು. ನಮ್ಮ ಗಿರಣಿಗಳು ಒಂದೊಂದಾಗಿ ಮುಚ್ಚಿದುವು. 2025ರ ಮೇ ಕೊನೆಯಲ್ಲಿ ಕಚ್ಚಾ ಎಣ್ಣೆಗಳ ಮೂಲ ಸುಂಕವನ್ನು ಮತ್ತೆ 20ರಿಂದ 10ಕ್ಕೆ ತಂದಿದ್ದಾರೆ.

ಆ ಅಗ್ಗದ ಎಣ್ಣೆ ಎಲ್ಲಿಂದ ಬರುತ್ತದೆ? ಬಹುಪಾಲು ಇಂಡೋನೇಷ್ಯಾ, ಮಲೇಷ್ಯಾಗಳಿಂದ. ಬೋರ್ನಿಯೋ ಎಂಬ ದೊಡ್ಡ ದ್ವೀಪದ ಒಳನಾಡಿನಲ್ಲಿ ದಯಾಕ್ ಜನರ ಹಳ್ಳಿಗಳಿವೆ. ಭತ್ತ ಬಿತ್ತಿಕೊಂಡು, ರಬ್ಬರ್ ಗಿಡ ಕೆತ್ತಿಕೊಂಡು, ಕಾಡಿನಲ್ಲಿ ಸಿಕ್ಕದ್ದನ್ನು ತಂದುಕೊಂಡು ಇದ್ದ ಬೇಸಾಯಗಾರರು. ನಮ್ಮ ಕುದಾಪುರದ ಹಾಗೆಯೇ ಹೊರಗಿನವರಿಗೆ ಹೆಸರು ತಿಳಿಯದ ಊರುಗಳು. ಅಲ್ಲಿಯೂ ಸರ್ಕಾರ ಇದು ನಮ್ಮ ನೆಲವೆಂದು ಕಾಗದ ತೆಗೆದು ತೋರಿಸಿತು. ಅಲ್ಲಿಯೂ ತಾತನ ಕಾಲದಿಂದ ಬಿತ್ತಿದವನ ಹೆಸರು ಕಾಗದದಲ್ಲಿರಲಿಲ್ಲ. ಕಂಪನಿಗಳು ಬಂದು ಸಾಲುಸಾಲಾಗಿ ತಾಳೆ ನೆಟ್ಟುವು. ನೆಲ ಹೋದವರಲ್ಲಿ ಅನೇಕರು ಅದೇ ತೋಟದ ಕೂಲಿಗಳಾದರು. ಅವರ ಹೊಲದ ಮೇಲೆ ಬೆಳೆದ ಎಣ್ಣೆಯೇ ಚಳ್ಳಕೆರೆಯ ಕಾರ್ಮಿಕನ ಕೆಲಸ ಕಸಿಯಿತು. ದಯಾಕ್ ರೈತನಿಗೂ ನಮ್ಮ ಗಿರಣಿಯಾಳಿಗೂ ಜಗಳವೇನೂ ಇಲ್ಲ. ಇಬ್ಬರ ಗಂಟನ್ನೂ ಒಂದೇ ವ್ಯಾಪಾರ ಕದ್ದಿದೆ.

ಆದರೆ ಅಲ್ಲಿಯ ಜನ ಸುಮ್ಮನೆ ಕೂರಲಿಲ್ಲ. 2013ರ ಮೇ ತಿಂಗಳಲ್ಲಿ ಇಂಡೋನೇಷ್ಯಾದ ಸಂವಿಧಾನ ನ್ಯಾಯಾಲಯವು, ಮೂಲನಿವಾಸಿ ಸಮುದಾಯಗಳು ಪರಂಪರೆಯಿಂದ ಅನುಭವಿಸಿದ ಕಾಡು ಸರ್ಕಾರದ ಕಾಡಲ್ಲವೆಂದು ತೀರ್ಪು ಕೊಟ್ಟಿತು. ತೀರ್ಪು ಬಂದೊಡನೆ ನೆಲ ಮರಳಲಿಲ್ಲವೆಂಬುದು ಬೇರೆ ಮಾತು. ಕೇಳುವ ಹಕ್ಕಂತೂ ಸ್ಥಿರವಾಯಿತು.

ನಮ್ಮಲ್ಲಿಯೂ ದಾರಿಯಿಲ್ಲದಿಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು ಕೊಳಗದ ಅಳತೆಯ ಅನ್ಯಾಯಕ್ಕೆ ಎದ್ದು ನಿಂತಾಗ ಅವರ ಬಳಿ ಯಾವ ಕಾಗದವಿತ್ತು? ಡಾ. ಲೋಹಿಯಾ ಬಂದು ಬಂಧನಕ್ಕೊಳಗಾದರು. ಗೋಪಾಲಗೌಡರು ಆ ಕೂಗನ್ನು ವಿಧಾನಸಭೆಯವರೆಗೆ ಒಯ್ದರು. ಅಲ್ಲಿ ಎದುರಿಗಿದ್ದವನು ಜಮೀನ್ದಾರ. ಇಲ್ಲಿ ಸರ್ಕಾರವೇ ಜಮೀನ್ದಾರನ ಜಾಗದಲ್ಲಿ ಕುಳಿತಿದೆ. ಅಷ್ಟರಮಟ್ಟಿಗೆ ಕೆಲಸ ಕಠಿಣ.

ಗೋಡೆ ಕೆಡವಿರೆಂದು ನಾವು ಈಗ ಹೇಳುತ್ತಿಲ್ಲ. ಕೊಟ್ಟ ಕಾವಲು ಎಷ್ಟು, ಉಳಿದ ಕಾವಲು ಎಷ್ಟು ಎಂಬ ನಕ್ಷೆಯನ್ನು ಜಿಲ್ಲಾಡಳಿತ ಪ್ರತಿಯೊಂದು ಗ್ರಾಮ ಪಂಚಾಯಿತಿಯ ಬಾಗಿಲಲ್ಲಿ ಕನ್ನಡದಲ್ಲಿ ಅಂಟಿಸಲಿ. ಉಳಿದ ಕಾವಲಿನಲ್ಲಿ ಒಂದು ಗುಂಟೆಯನ್ನೂ ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಯಾರಿಗೂ ಕೊಡಕೂಡದು. 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಮೇಯಿಸುವ ಸಾಮೂಹಿಕ ಹಕ್ಕಿಗೆ ಅವಕಾಶವಿದೆ. ಅರ್ಜಿಗಳನ್ನು ಅಧಿಕಾರಿಗಳೇ ಹಳ್ಳಿಗೆ ಹೋಗಿ ಪಡೆಯಲಿ. ಗೋಡೆಯೊಳಗೆ ಕಟ್ಟಡವಿಲ್ಲದೆ ಬರಿದೆ ಬಿದ್ದ ನೆಲದ ಹುಲ್ಲನ್ನು ಬರದ ವರ್ಷದಲ್ಲಾದರೂ ಕೊಯ್ದುಕೊಳ್ಳಲು ಬಿಡಲಿ.

ಗಿರಣಿ ಕಾರ್ಮಿಕರ ಸಂಘಗಳೂ ವರ್ತಕರ ಸಂಘಗಳೂ ಈ ಬೇಡಿಕೆಗಳನ್ನು ತಮ್ಮ ಮುಂದಿನ ಸಭೆಯಲ್ಲಿ ಗೊತ್ತುವಳಿಯಾಗಿ ಅಂಗೀಕರಿಸಿ ಜಿಲ್ಲಾಧಿಕಾರಿಗಳಿಗೆ ಕಳುಹಿಸಬೇಕೆಂದು ಕೋರುತ್ತೇವೆ. ಪ್ರತಿಯೊಂದನ್ನು ನಮ್ಮ ಕಚೇರಿಗೂ ಕಳುಹಿಸಿದರೆ ಈ ಪುಟದಲ್ಲಿಯೇ ಪ್ರಕಟಿಸುತ್ತೇವೆ.