ರಿಟರ್ನ್ ಎಂಬ ಮಾತು

ತೆರಿಗೆ ಎಂಬ ಶಬ್ದ ‘ತೆರು’ ಎಂಬ ಅಚ್ಚಗನ್ನಡ ಧಾತುವಿನಿಂದ ಬಂದದ್ದು. ತೆರುವುದೆಂದರೆ ಕೊಡುವುದು. ಸಾಲ ತೆರುತ್ತೇವೆ, ದಂಡ ತೆರುತ್ತೇವೆ, ಕಡೆಗೊಮ್ಮೆ ಪ್ರಾಣವನ್ನೂ ತೆರುತ್ತೇವೆ. ಇಂಥ ನಂಟರ ನಡುವೆ ಹುಟ್ಟಿದ ಮಾತಿಗೆ ಜನರ ಪ್ರೀತಿ ದೊರೆಯದಿದ್ದರೆ ಆಶ್ಚರ್ಯವೇನೂ ಇಲ್ಲ. ಆದರೂ ಈ ವಾರ ಈ ನೀರಸ ವಿಷಯವನ್ನೇ ವಾಚಕರ ಮುಂದಿಡುತ್ತಿದ್ದೇನೆ. ಅದಕ್ಕೆ ಕಾರಣ ಪಿರಿಯಾಪಟ್ಟಣದ ಸಮೀಪದ ಹಳ್ಳಿಯ ಒಬ್ಬ ತಾಯಿ.

ಆಕೆಯ ಮಗ ನನ್ನ ಬಾಲ್ಯಸ್ನೇಹಿತ. ಆರು ವರ್ಷಗಳಿಂದ ಅಮೆರಿಕದಲ್ಲಿದ್ದಾನೆ. ಅವನ ತಂದೆ ತೀರಿಕೊಂಡ ಮೇಲೆ ನಾಲ್ಕು ಎಕರೆ ಹೊಗೆಸೊಪ್ಪಿನ ಹೊಲ, ಕೃಷ್ಣರಾಜನಗರದಲ್ಲಿ ಬಾಡಿಗೆಗೆ ಕೊಟ್ಟ ಒಂದು ಮನೆ, ಬ್ಯಾಂಕಿನಲ್ಲಿ ಒಂದಿಷ್ಟು ಠೇವಣಿ, ಇಷ್ಟೂ ಅವನ ಹೆಸರಿಗೆ ಬಂದವು. ಹುಣಸೂರಿನಲ್ಲಿ ಪಾಠ ಹೇಳಿಕೊಂಡಿರುವ ನಾನು ರಜೆಯ ದಿನಗಳಲ್ಲಿ ಹೋಗಿ ಆ ತಾಯಿಯನ್ನು ಮಾತಾಡಿಸಿಕೊಂಡು ಬರುವುದುಂಟು. ಹಾಗೆ ಹೋದ ಒಂದು ದಿನ ಮಗನ ದೂರವಾಣಿ ಬಂದಿತು. “ಜುಲೈ ಮುಗಿಯುವುದರೊಳಗೆ ರಿಟರ್ನ್ ಮಾಡಬೇಕು ಕಣಯ್ಯ” ಎಂದು ಅವನು ನನಗೆ ಹೇಳಿದ್ದು ಪಕ್ಕದಲ್ಲಿದ್ದ ತಾಯಿಯ ಕಿವಿಗೂ ಬಿದ್ದಿತು. ಆಕೆಯ ಮುಖ ಅರಳಿದ್ದನ್ನು ಕಂಡು ನನಗೆ ಮೊದಲು ಅರ್ಥವಾಗಲಿಲ್ಲ. ಬಸ್ಸಿನಲ್ಲಿ, ಸಂತೆಯಲ್ಲಿ ಆಕೆ ಕೇಳಿ ತಿಳಿದಿದ್ದ ರಿಟರ್ನಿಗೆ ಒಂದೇ ಅರ್ಥ: ಹಿಂದಿರುಗುವುದು. ಮಗ ಜುಲೈ ತಿಂಗಳಲ್ಲಿ ಊರಿಗೆ ಬರುತ್ತಾನೆಂದು ಆಕೆ ನಂಬಿಬಿಟ್ಟಿದ್ದಳು. ಅದು ಕಾಗದದ ರಿಟರ್ನ್, ಕಾಲಿನದಲ್ಲ ಎಂದು ತಿಳಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಪದಗಳ ಅರ್ಥ ಹೇಳುವುದೇ ನನ್ನ ಕಸುಬಾದರೂ ಅಷ್ಟು ಕಷ್ಟದ ಅರ್ಥವನ್ನು ನಾನು ಎಂದೂ ಹೇಳಿರಲಿಲ್ಲ.

ಸ್ನೇಹಿತನ ಅಸಮಾಧಾನವೇ ಬೇರೆ. “ದೇಶ ಬಿಟ್ಟವನಿಗೆ ದೇಶದ ತೆರಿಗೆ ಏತಕ್ಕೆ?” ಎಂಬುದು ಅವನ ಪ್ರಶ್ನೆ. ನ್ಯಾಯವಾಗಿ ನೋಡಿದರೆ ಸರ್ಕಾರ ಅವನ ಅಮೆರಿಕದ ಸಂಬಳವನ್ನು ಮುಟ್ಟುವುದಿಲ್ಲ. ವರ್ಷದಲ್ಲಿ 182 ದಿನಗಳಿಗಿಂತ ಕಡಿಮೆ ಇಲ್ಲಿದ್ದವನನ್ನು, ಕೆಲವು ಒಳನಿಯಮಗಳಿಗೆ ಒಳಪಟ್ಟು, ಅನಿವಾಸಿಯೆಂದು ಎಣಿಸುತ್ತಾರೆ. ಇಲ್ಲಿ ಹುಟ್ಟಿದ ಆದಾಯವಷ್ಟೇ ಅವನ ಲೆಕ್ಕಕ್ಕೆ ಸೇರುತ್ತದೆ. ಹೊಗೆಸೊಪ್ಪು ಬೆಳೆದು ಬಂದ ಹಣ ಕೃಷಿ ಆದಾಯವಾದ್ದರಿಂದ ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಉಳಿದ ಆದಾಯ ವಿನಾಯಿತಿಯ ಮಿತಿಯನ್ನು ದಾಟಿದಾಗ ಮಾತ್ರ ದರ ಗೊತ್ತುಮಾಡುವುದಕ್ಕಾಗಿ ಅದನ್ನೂ ಎಣಿಸುತ್ತಾರೆ. ಉಳಿದದ್ದು ಮನೆಯ ಬಾಡಿಗೆ ಮತ್ತು ಠೇವಣಿಯ ಬಡ್ಡಿ.

ತೊಡಕು ಇರುವುದು ಇಲ್ಲಿಯೇ. ವಿದೇಶಕ್ಕೆ ಹೋದವನು ತನ್ನ ಉಳಿತಾಯ ಖಾತೆಯನ್ನು ಅನಿವಾಸಿ ಸಾಮಾನ್ಯ ಖಾತೆಯಾಗಿ ಮಾರ್ಪಡಿಸಿಕೊಳ್ಳಬೇಕು. ನನ್ನ ಸ್ನೇಹಿತ ಐದು ವರ್ಷ ಇದನ್ನು ಮರೆತಿದ್ದ. ಮಾರ್ಪಡಿಸಿದೊಡನೆಯೇ ಬ್ಯಾಂಕು ಬಡ್ಡಿಯ ಮೊದಲ ರೂಪಾಯಿಯಿಂದಲೇ ನೂರಕ್ಕೆ 30ರಂತೆ, ಮೇಲೆ ಉಪಕರವನ್ನೂ ಸೇರಿಸಿ, ತೆರಿಗೆಯನ್ನು ಹಿಡಿಯತೊಡಗಿತು. ಅನಿವಾಸಿ ಮಾಲೀಕನಿಗೆ ಬಾಡಿಗೆ ಕೊಡುವ ಬಾಡಿಗೆದಾರನೂ ಹೀಗೆಯೇ ಹಿಡಿದು ಸರ್ಕಾರಕ್ಕೆ ಕಟ್ಟಬೇಕೆಂಬುದು ಅನೇಕರಿಗೆ ತಿಳಿಯದು. 2025-26ನೆಯ ಸಾಲಿನಿಂದ 12 ಲಕ್ಷದವರೆಗೆ ತೆರಿಗೆಯಿಲ್ಲವೆಂಬ ಮಾತನ್ನು ನಂಬಿ ಕುಳಿತವರೂ ಇದ್ದಾರೆ. ಆ ರಿಯಾಯಿತಿ ನಿವಾಸಿಗಳಿಗೆ ಮಾತ್ರ. ಅನಿವಾಸಿಗೆ ಹೊಸ ಪದ್ಧತಿಯಲ್ಲಿ ಮೂಲ ವಿನಾಯಿತಿ 4 ಲಕ್ಷ ರೂಪಾಯಿ. ಅದೇ ಆದಾಯವನ್ನು ಅಮೆರಿಕಕ್ಕೂ ತಿಳಿಸಬೇಕಾಗುವುದಾದರೂ, 1989ರಲ್ಲಿ ಎರಡು ದೇಶಗಳು ಮಾಡಿಕೊಂಡ ಒಪ್ಪಂದದ ಪ್ರಕಾರ ಇಲ್ಲಿ ನಿಜವಾಗಿ ತೆರಬೇಕಾದ ತೆರಿಗೆಯನ್ನು ಅಲ್ಲಿ ಮುರಿದುಕೊಳ್ಳಬಹುದು.

ಕಾಗದಗಳನ್ನು ಹರಡಿಕೊಂಡು ಕೂಡಿ ನೋಡಿದಾಗ ಬಾಡಿಗೆ, ಬಡ್ಡಿ ಎರಡೂ ಸೇರಿ ಎರಡು ಲಕ್ಷವನ್ನು ಮುಟ್ಟುತ್ತಿರಲಿಲ್ಲ. ಅಂದರೆ ಅವನು ತೆರಬೇಕಾದದ್ದು ಏನೂ ಇಲ್ಲ. ಹಿಡಿದ ಹಣವೆಲ್ಲ ಅವನದೇ. ಆದರೆ ಲೆಕ್ಕ ಒಪ್ಪಿಸದೆ ಅದು ಮರಳಿ ಬಾರದು. ಯಾವ ರಿಟರ್ನನ್ನು ಅವನು ಶಿಕ್ಷೆಯೆಂದು ತಿಳಿದಿದ್ದನೋ ಅದೇ ಅವನ ಹಣ ಹಿಂದಿರುಗುವ ದಾರಿಯಾಗಿತ್ತು.

ಅಂದು ಸಂಜೆ ನನಗೆ ಬೈಲಕುಪ್ಪೆಯಲ್ಲಿ ಸ್ವಲ್ಪ ಕೆಲಸವಿತ್ತು. 1960ರಲ್ಲಿ ಅಂದಿನ ಮೈಸೂರು ಸರ್ಕಾರ ಕೊಟ್ಟ ಸುಮಾರು 3,000 ಎಕರೆ ಕಾಡುನೆಲದಲ್ಲಿ ಟಿಬೆಟ್ಟಿನ ನಿರಾಶ್ರಿತರು ಕಟ್ಟಿದ ಊರು ಅದು. ನಮ್ಮ ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ಅವರ ನೆಲೆಯಿದೆ. ಪರಿಚಯದ ವೃದ್ಧ ಅಂಗಡಿಕಾರರೊಬ್ಬರಿಗೆ ಸ್ನೇಹಿತನ ಗೊಣಗಾಟವನ್ನು ಹೇಳಿದೆ. ಅವರು ನಕ್ಕು, ಪೆಟ್ಟಿಗೆಯಿಂದ ಹಸಿರು ಹೊದಿಕೆಯ ಚಿಕ್ಕ ಪುಸ್ತಕವೊಂದನ್ನು ತೆಗೆದು ತೋರಿಸಿದರು.

1972ರಿಂದ ಧರ್ಮಶಾಲೆಯಲ್ಲಿರುವ ತಮ್ಮ ಆಡಳಿತಕ್ಕೆ ಟಿಬೆಟ್ಟಿನವರು ‘ಚತ್ರೆಲ್’ ಎಂಬ ಕಾಣಿಕೆಯನ್ನು ವರ್ಷವರ್ಷವೂ ಸಲ್ಲಿಸಿ, ಈ ಹಸಿರು ಪುಸ್ತಕದಲ್ಲಿ ಗುರುತು ಹಾಕಿಸಿಕೊಳ್ಳುತ್ತಾರೆ. ಬಹುಕಾಲ ಭಾರತದಲ್ಲಿರುವ ವಯಸ್ಕರ ಮೂಲ ಕಾಣಿಕೆ ವರ್ಷಕ್ಕೆ 58 ರೂಪಾಯಿ, ಅಮೆರಿಕದಂಥ ದೇಶದಲ್ಲಿರುವವರಿಗೆ 96 ಡಾಲರ್ ಇದ್ದಿತು. ಇದು ಭಾರತದ ತೆರಿಗೆಗೆ ಬದಲಲ್ಲ, ಅದಕ್ಕೆ ಹೆಚ್ಚಿನದು. ಕೊಡದಿದ್ದರೆ ನೋಟೀಸು ಬಾರದು, ಜಪ್ತಿಯೂ ಆಗದು. ಆದರೆ ಪುಸ್ತಕ ಸರಿಯಾಗಿದ್ದವರಿಗೆ ತಮ್ಮ ನಾಯಕನನ್ನು ಆರಿಸುವ ಮತವುಂಟು. 2021ರಲ್ಲಿ ಹೀಗೆ ಚುನಾಯಿತರಾದ ಪೆನ್ಪಾ ತ್ಸೆರಿಂಗ್ ಅವರು ಹುಟ್ಟಿದ್ದು ಇದೇ ಬೈಲಕುಪ್ಪೆಯಲ್ಲಿ.

“ನಿಮ್ಮ ಸ್ನೇಹಿತರು ಟಿಕೆಟ್ಟು ಕೊಂಡರೆ ನಾಳೆಯೇ ಊರಿಗೆ ಬರಬಹುದು” ಎಂದರು ವೃದ್ಧರು. ಮುಂದಿನ ಮಾತನ್ನು ಅವರು ಆಡಲಿಲ್ಲ. ಆಡುವ ಅಗತ್ಯವೂ ಇರಲಿಲ್ಲ.

ಕಾಡಿನಲ್ಲಿರುವ ತಪಸ್ವಿಗಳು ಕೂಡ ತಾವು ಆಯ್ದು ತಂದ ಕಾಳಿನಲ್ಲಿ ಆರನೆಯ ಒಂದು ಪಾಲನ್ನು ಅರಸನಿಗೆಂದು ತೆಗೆದಿಡುತ್ತಿದ್ದರೆಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಒಂದು ಪ್ರಸ್ತಾಪ ಬರುತ್ತದೆ. ತರಗತಿಯಲ್ಲಿ ಅದನ್ನು ಹೇಳುವಾಗ ಅತಿಶಯೋಕ್ತಿಯಿರಬಹುದೆಂದು ನನಗೆ ಅನ್ನಿಸುತ್ತಿತ್ತು. ಹಸಿರು ಪುಸ್ತಕವನ್ನು ಕಂಡ ಮೇಲೆ ಆ ಸಂದೇಹ ಉಳಿದಿಲ್ಲ. ದೂರವಿದ್ದವನಿಗೆ ತೆರಿಗೆ ಹಣದ ಮಾತಷ್ಟೇ ಅಲ್ಲ. ‘ನಾನು ಇನ್ನೂ ನಿಮ್ಮವನೇ’ ಎಂದು ವರ್ಷಕ್ಕೊಮ್ಮೆ ಹಾಕುವ ರುಜು.

ಇದನ್ನೆಲ್ಲ ಸ್ನೇಹಿತನಿಗೆ ಬರೆದೆ. ಅವನು ಉತ್ತರ ಬರೆಯಲಿಲ್ಲವಾದರೂ ಗಡುವಿಗೆ ಹತ್ತು ದಿನ ಮುಂಚೆಯೇ ಲೆಕ್ಕ ಒಪ್ಪಿಸಿದ. ಕೆಲವು ವಾರಗಳಲ್ಲಿ ಹಣ ಖಾತೆಗೆ ಬಂದಿತು. ಸುದ್ದಿ ತಿಳಿಸಲು ನಾನೇ ಹಳ್ಳಿಗೆ ಹೋದೆ. ಬ್ಯಾರನ್ನಿನ ಮುಂದೆ ಸೊಪ್ಪು ಕಟ್ಟಿಸುತ್ತಿದ್ದ ತಾಯಿ ಎಲ್ಲವನ್ನೂ ಕೇಳಿ, ಕೈಯ ಜಿಗುಟನ್ನು ಸೆರಗಿಗೆ ಒರಸಿಕೊಳ್ಳುತ್ತ, “ದುಡ್ಡೇನೋ ರಿಟರ್ನ್ ಬಂತು. ಅವನು?” ಎಂದಳು.

ಆ ಪ್ರಶ್ನೆಯನ್ನು ಇದ್ದಂತೆಯೇ ಅವನಿಗೆ ಕಳುಹಿಸಿದ್ದೇನೆ. ಇದಕ್ಕೆ ಯಾವ ಗಡುವೂ ಗೊತ್ತಾಗಿಲ್ಲ. ಆದರೆ ತಾಯಿಗೆ ಈಗ ಎಪ್ಪತ್ತೆರಡು.