ನಿವೇಶನದ ಇಳಿಜಾರು

ಮದ್ದೂರಿನ ಸಮೀಪದಲ್ಲಿರುವ ವೈದ್ಯನಾಥಪುರವು ಶಿಂಷಾ ನದಿಯ ದಡದ ಊರು. ವೈದ್ಯನಾಥೇಶ್ವರನ ಪ್ರಾಚೀನ ದೇವಾಲಯದಿಂದ ಅದು ಸುತ್ತಲಿನ ಸೀಮೆಗೆಲ್ಲ ಪರಿಚಿತವಾಗಿದೆ. ಇಂಥ ಹೊಳೆದಂಡೆಯ ಊರುಗಳಲ್ಲಿ ಹುಟ್ಟಿ ಬೆಳೆದವರಿಗೆ ಪುಸ್ತಕದ ಹಂಗಿಲ್ಲದೆಯೇ ಒಂದು ವಿದ್ಯೆ ಬಂದಿರುತ್ತದೆ. ಹೊಳೆ ತುಂಬಿ ಬಂದಾಗ ನೀರು ಎಲ್ಲಿಯವರೆಗೆ ಏರುವುದು, ಯಾವ ಗದ್ದೆಯಲ್ಲಿ ಎಷ್ಟು ದಿನ ನಿಲ್ಲುವುದು, ಯಾವ ದಿಬ್ಬಕ್ಕೆ ಅದು ಎಂದೂ ಮುಟ್ಟದು ಎಂಬುದನ್ನು ಅವರು ನಕ್ಷೆಯಿಲ್ಲದೆ ಹೇಳಬಲ್ಲರು. ಮನೆಯ ತಳಪಾಯವನ್ನು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬ ವಿಚಾರದಲ್ಲಿ ಆ ತಿಳಿವಳಿಕೆಯೇ ಅವರಿಗೆ ಪ್ರಮಾಣ. ಹಳ್ಳಿಯವರು ತಪ್ಪುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ತಪ್ಪುವಾಗಲೂ ಅವರು ನೀರನ್ನು ಲೆಕ್ಕಕ್ಕೆ ತೆಗೆದುಕೊಂಡೇ ತಪ್ಪುತ್ತಾರೆ.

ಹೀಗಿರಲು, ಅದೇ ಊರಿನ ಗೃಹಸ್ಥರೊಬ್ಬರು ಮಕ್ಕಳ ಓದಿಗಾಗಿಯೋ ಉದ್ಯೋಗಕ್ಕಾಗಿಯೋ ಬೆಂಗಳೂರಿನಲ್ಲಿ ಮನೆ ಕೊಳ್ಳಲು ಹೊರಟರೆಂದು ಭಾವಿಸಿ. ಅವರು ಏನೇನನ್ನು ವಿಚಾರಿಸುತ್ತಾರೆ? ಚದರಡಿಗೆ ಎಷ್ಟು, ಬಾಗಿಲು ಯಾವ ದಿಕ್ಕಿಗೆ, ರಸ್ತೆ ಎಷ್ಟು ಅಗಲ, ಶಾಲೆ ಎಷ್ಟು ದೂರ, ಮೆಟ್ರೋ ಯಾವಾಗ ಬರುತ್ತದೆ. ಕ್ರಯಪತ್ರ, ಖಾತೆ, ಋಣಭಾರ ಪ್ರಮಾಣಪತ್ರಗಳನ್ನು ವಕೀಲರಿಗೆ ತೋರಿಸುತ್ತಾರೆ. ಇವೆಲ್ಲವೂ ಅವಶ್ಯಕವಾದ ವಿಚಾರಣೆಗಳೇ. ಆದರೆ ಊರಿನಲ್ಲಿದ್ದಾಗ ಮೊದಲು ಕೇಳುತ್ತಿದ್ದ ಪ್ರಶ್ನೆಯನ್ನು, ಅಂದರೆ ಈ ನೆಲದ ಮೇಲೆ ಬಿದ್ದ ಮಳೆ ಎತ್ತ ಹರಿಯುತ್ತದೆ, ಮೇಲಿನ ನೀರು ಎತ್ತಣಿಂದ ಬರುತ್ತದೆ ಎಂಬುದನ್ನು, ಅವರು ಕೇಳುವುದಿಲ್ಲ. ಬಾಗಿಲಿನ ದಿಕ್ಕಿಗೆ ಸಲ್ಲುವ ಗಮನದಲ್ಲಿ ಹತ್ತರಲ್ಲೊಂದು ಪಾಲೂ ಇಳಿಜಾರಿನ ದಿಕ್ಕಿಗೆ ಸಲ್ಲುವುದಿಲ್ಲ. ಊರಿನ ಗದ್ದೆಯನ್ನು ಮಾರಿದ ಹಣ, ಬ್ಯಾಂಕಿನಿಂದ ತಂದ ಇಪ್ಪತ್ತು ವರ್ಷದ ಸಾಲ, ಇವೆರಡನ್ನೂ ಒಂದೇ ತುಂಡು ನೆಲದ ಮೇಲೆ ಸುರಿಯುವವರು ಆ ನೆಲದ ಸ್ವಭಾವವನ್ನು ತಿಳಿಯದಿರುವುದು ನನಗೆ ಬಹಳ ವಿಷಾದದ ಸಂಗತಿಯಾಗಿ ತೋರುತ್ತದೆ.

ಬೆಂಗಳೂರು ನದಿಯ ದಡದ ನಗರವಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ದಿಣ್ಣೆಯ ಬೆನ್ನಿನ ಮೇಲೆ ಅದು ಕುಳಿತಿದೆ. ಆದಕಾರಣ ಅಲ್ಲಿ ಪ್ರವಾಹದ ಭಯವಿಲ್ಲವೆಂದು ಹೊಸಬರು ತಿಳಿಯುವುದು ಸಹಜ. ಆದರೆ ದಿಣ್ಣೆಯೆಂದರೆ ಸಮತಟ್ಟಾದ ಜಗಲಿಯಲ್ಲ. ಅದರ ಬೆನ್ನಿನಿಂದ ಮುಖ್ಯವಾಗಿ ಮೂರು ಕಣಿವೆಗಳು ಇಳಿಯುತ್ತವೆ. ವೃಷಭಾವತಿ ಕಣಿವೆಯ ನೀರು ನೈಋತ್ಯಕ್ಕೆ ಹರಿದು ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುತ್ತದೆ. ಹೆಬ್ಬಾಳ ಕಣಿವೆಯ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಪೂರ್ವಕ್ಕೆ ಸಾಗಿ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ನಮ್ಮ ಪೂರ್ವಿಕರು ಈ ಕಣಿವೆಗಳಿಗೆ ಅಡ್ಡಲಾಗಿ ಏರಿಗಳನ್ನು ಕಟ್ಟಿ, ಒಂದರ ಕೆಳಗೊಂದರಂತೆ ಕೆರೆಗಳ ಸಾಲನ್ನೇ ನಿರ್ಮಿಸಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಬರಬೇಕು, ಅದು ತುಂಬಿದರೆ ಇನ್ನೂ ಕೆಳಗಿನದಕ್ಕೆ. ಈ ಕಾಲುವೆಗಳನ್ನೇ ಬೆಂಗಳೂರಿನವರು ರಾಜಕಾಲುವೆಗಳೆಂದು ಕರೆಯುತ್ತಾರೆ.

ಆ ಸಾಲಿನ ಹಲವು ಕೊಂಡಿಗಳು ಈಗ ಕಳಚಿಹೋಗಿವೆ. ಊರಿನಿಂದ ಬಸ್ಸಿನಲ್ಲಿ ಬಂದು ನಾವು ಇಳಿಯುವ ಕೆಂಪೇಗೌಡ ಬಸ್ ನಿಲ್ದಾಣದ ನೆಲ ಒಂದು ಕಾಲದಲ್ಲಿ ಧರ್ಮಾಂಬುಧಿ ಕೆರೆಯ ಅಂಗಳವಾಗಿತ್ತು. ಸಂಪಂಗಿ ಕೆರೆಯ ನೆಲದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಚಲ್ಲಘಟ್ಟದ ಕೆರೆ ಗಾಲ್ಫ್ ಮೈದಾನವಾಯಿತು. ಕೆರೆ ಹೋದರೂ ಕಣಿವೆ ಹೋಗುವುದಿಲ್ಲವಷ್ಟೆ. ಇಳಿಜಾರನ್ನು ನೋಂದಣಿ ಕಚೇರಿಯಲ್ಲಿ ರದ್ದುಪಡಿಸಲು ಬರುವುದಿಲ್ಲ!

ಸ್ವಲ್ಪ ಲೆಕ್ಕ ಮಾಡಿ ನೋಡೋಣ. ಮೂವತ್ತು ಅಡಿಗೆ ನಲವತ್ತು ಅಡಿಯ ನಿವೇಶನವೆಂದರೆ ಸುಮಾರು 111 ಚದರ ಮೀಟರು. ಒಂದು ಸಂಜೆ 5 ಸೆಂಟಿಮೀಟರು ಮಳೆ ಸುರಿದರೆ ಅಷ್ಟು ನೆಲದ ಮೇಲೆ ಬೀಳುವ ನೀರು ಸುಮಾರು 5,500 ಲೀಟರು. ಅದೇ ಜಾಗ ಹೊಲವಾಗಿದ್ದಾಗ ಅದರ ಬಹುಪಾಲನ್ನು ಮಣ್ಣು ಕುಡಿಯುತ್ತಿತ್ತು, ಉಳಿದದ್ದು ಬದುಗಳಿಗೆ ತಡೆದು ನಿಧಾನವಾಗಿ ಹರಿಯುತ್ತಿತ್ತು. ಈಗ ಅಲ್ಲಿ ತಾರಸಿ ಇದೆ, ಸಿಮೆಂಟಿನ ಅಂಗಳವಿದೆ, ಮುಂದೆ ಡಾಂಬರಿನ ರಸ್ತೆಯಿದೆ. ಹೆಚ್ಚುಕಡಮೆ ಅಷ್ಟೂ ನೀರು ಕೆಲವೇ ನಿಮಿಷಗಳಲ್ಲಿ ಚರಂಡಿಗೆ ಇಳಿಯುತ್ತದೆ. ಮೇಲಿನ ಇಳಿಜಾರಿನಲ್ಲಿ ಇಂಥ ಸಾವಿರ ಮನೆಗಳಿದ್ದರೆ 55 ಲಕ್ಷ ಲೀಟರು ನೀರು ಒಮ್ಮೆಗೇ ಕೆಳಗಿನ ಬಡಾವಣೆಯ ಕಡೆಗೆ ಹೊರಡುತ್ತದೆ. ಹಿಂದೆ ಇಡೀ ರಾತ್ರಿ ಸಾಗುತ್ತಿದ್ದ ನೀರು ಈಗ ಅರ್ಧ ಗಂಟೆಯಲ್ಲಿ ಬರುವುದಾದರೆ, ಕಾಲುವೆ ಮೊದಲಿನಷ್ಟೇ ಅಗಲವಿದ್ದರೂ ಸಾಲದು. ಅನೇಕ ಕಡೆ ಅದು ಮೊದಲಿನಷ್ಟೂ ಇಲ್ಲ.

2022ನೆಯ ಸೆಪ್ಟೆಂಬರ್ ಮೊದಲ ವಾರದಲ್ಲಿ ಇದು ಎಲ್ಲರ ಕಣ್ಣಿಗೂ ಬಿದ್ದಿತು. ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಕಡೆಗಳಲ್ಲಿ ನೀರು ನುಗ್ಗಿ, ಕೋಟಿಗಟ್ಟಲೆ ಬೆಲೆಯ ಮನೆಗಳಲ್ಲಿದ್ದವರನ್ನು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಹೊರಗೆ ತರಬೇಕಾಯಿತು. ಆ ದಿನಗಳ ಮತ್ತೊಂದು ಸಂಗತಿ ನಮ್ಮ ಜಿಲ್ಲೆಗೆ ಸಂಬಂಧಿಸಿದ್ದು. ಬೆಂಗಳೂರಿಗೆ ಕಾವೇರಿಯ ನೀರನ್ನು ಶುದ್ಧೀಕರಿಸಿ ಮೇಲಕ್ಕೆ ತಳ್ಳುವ ತೊರೆಕಾಡನಹಳ್ಳಿಯ ಯಂತ್ರಾಗಾರ ಇರುವುದು ಮಳವಳ್ಳಿ ತಾಲ್ಲೂಕಿನಲ್ಲಿ. ಮಂಡ್ಯ ಜಿಲ್ಲೆಯಲ್ಲಿಯೂ ಭಾರಿ ಮಳೆಯಾಗಿ, ಆ ಯಂತ್ರಾಗಾರಕ್ಕೇ ನೀರು ನುಗ್ಗಿ ಪಂಪುಗಳು ನಿಂತವು. ನಗರದ ಅನೇಕ ಭಾಗಗಳಲ್ಲಿ ನಲ್ಲಿ ಒಣಗಿತು. ಅಂಗಳದಲ್ಲಿ ಮೊಣಕಾಲುದ್ದ ನೀರು, ಅಡಿಗೆಮನೆಯಲ್ಲಿ ಒಂದು ಬಿಂದಿಗೆ ನೀರಿಲ್ಲ. ನಗರದ ಮನೆಯೊಂದಕ್ಕೆ ಬರುವ ನೀರು, ಹೋಗುವ ನೀರು ಎರಡನ್ನೂ ಕೊಳ್ಳುವ ಮುನ್ನವೇ ವಿಚಾರಿಸಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇರೆ ಬೇಕಿಲ್ಲ.

ಬರುವ ನೀರಿನ ವಿಷಯವನ್ನೂ ನೋಡೋಣ. ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳ ಜಲಾಶಯಗಳು ಸಾಲದಾದಾಗ 1974ರಲ್ಲಿ ಕಾವೇರಿ ಯೋಜನೆಯ ಮೊದಲ ಹಂತ ಬಂದಿತು. 2024ರ ಅಕ್ಟೋಬರಿನಲ್ಲಿ ಐದನೆಯ ಹಂತ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರು ಅದರ ಸಾಮರ್ಥ್ಯ. ಈ ನೀರು ಸುಮಾರು 100 ಕಿಲೋಮೀಟರು ದೂರ ಸಾಗಬೇಕು. ನೆಲದ ಏರು, ಕೊಳವೆಯ ಘರ್ಷಣೆ ಎರಡೂ ಸೇರಿದರೆ ಅದನ್ನು ಸುಮಾರು 500 ಮೀಟರು ಎತ್ತರಕ್ಕೆ ಎತ್ತಿದಷ್ಟು ಶ್ರಮ. ಒಂದು ಸಾವಿರ ಲೀಟರನ್ನು ಅಷ್ಟೆತ್ತರಕ್ಕೆ ಎತ್ತಲು 49 ಲಕ್ಷ ಜೂಲ್ ಶಕ್ತಿ, ಅಂದರೆ ಸುಮಾರು 1.36 ಯೂನಿಟ್ ವಿದ್ಯುತ್ತು ಬೇಕೆಂದು ಪ್ರೌಢಶಾಲೆಯ ಭೌತಶಾಸ್ತ್ರದಿಂದಲೇ ಲೆಕ್ಕ ಹಾಕಬಹುದು. ಯಂತ್ರದ ನಷ್ಟವನ್ನು ಸೇರಿಸಿದರೆ ಇನ್ನೂ ಹೆಚ್ಚು. ಇಷ್ಟು ದುಬಾರಿಯಾದ ನೀರು ಎಲ್ಲ ಹೊಸ ಬಡಾವಣೆಗಳಿಗೂ ಒಂದೇ ಸಮನೆ ತಲಪುತ್ತದೆಂದು ನಂಬಿ ಕೂಡುವುದು ಜಾಣತನವಲ್ಲ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳ ಅನೇಕ ಪ್ರದೇಶಗಳು ವರ್ಷಗಟ್ಟಲೆ ಕೊಳವೆ ಬಾವಿ ಮತ್ತು ಟ್ಯಾಂಕರುಗಳನ್ನೇ ನೆಚ್ಚಿಕೊಂಡಿದ್ದವು. 2024ರ ಬೇಸಗೆಯಲ್ಲಿ ಬಾವಿಗಳು ಬತ್ತಿದಾಗ ಹೆಚ್ಚು ಪಾಡು ಪಟ್ಟವರು ಅಂಥ ಕಡೆಯವರೇ. “ಬೋರಿನಲ್ಲಿ ನೀರು ಚೆನ್ನಾಗಿದೆ” ಎಂದು ಮಾರುವವರು ಹೇಳುವ ಮಾತಿಗೆ ಹೆಚ್ಚು ತೂಕ ಕೊಡಬಾರದು. ಬೆಂಗಳೂರಿನ ಕೆಳಗಿರುವುದು ಗಟ್ಟಿಯಾದ ನೈಸ್ ಶಿಲೆ. ಆಳದಲ್ಲಿ ನೀರು ನಿಲ್ಲುವುದು ಅದರ ಬಿರುಕುಗಳಲ್ಲಿ ಮಾತ್ರ. ಬಿರುಕು ಸಿಕ್ಕಿದ ಮನೆಗೆ ನೀರು ಸಿಕ್ಕುತ್ತದೆ, ಪಕ್ಕದ ಮನೆಗೆ ಸಿಕ್ಕದಿರಬಹುದು. ಇಂದು ಇರುವುದು ಐದು ವರ್ಷದ ಮೇಲೂ ಇರುವುದೆಂಬ ಭರವಸೆಯಿಲ್ಲ.

ಮದ್ದೂರು, ಮಂಡ್ಯದ ಕಡೆಯವರು ಸಾಮಾನ್ಯವಾಗಿ ಕೆಂಗೇರಿ, ರಾಜರಾಜೇಶ್ವರಿನಗರದ ಸುತ್ತಮುತ್ತ ಮನೆ ನೋಡುವುದುಂಟು. ಮೈಸೂರು ರಸ್ತೆ ಹತ್ತಿರ, ರೈಲು ಹತ್ತಿರ, ಹಬ್ಬಕ್ಕೆ ಊರಿಗೆ ಹೋಗಿಬರುವುದು ಸುಲಭ, ಬಂಧುಗಳೂ ಅಲ್ಲೇ ಇರುತ್ತಾರೆ. ಇವು ಅಲ್ಪವಾದ ಕಾರಣಗಳಲ್ಲ. ಆದರೆ ಆ ಪ್ರದೇಶವೇ ವೃಷಭಾವತಿಯ ಕಣಿವೆ. ಬಸವನಗುಡಿಯ ದೊಡ್ಡಬಸವನ ಪಾದದಲ್ಲಿ ಹುಟ್ಟುತ್ತದೆಂದು ಪ್ರತೀತಿಯಿರುವ ಈ ನದಿ ಇಂದು ನಗರದ ಕೊಳಚೆಯನ್ನು ಹೊತ್ತು ಮೈಸೂರು ರಸ್ತೆಯ ಪಕ್ಕದಲ್ಲಿಯೇ ಸಾಗುತ್ತದೆ. ಅಲ್ಲಿ ಒಳ್ಳೆಯ ಎತ್ತರದ ನೆಲವೂ ಇದೆ, ಹಳ್ಳದ ಅಂಚಿನ ನೆಲವೂ ಇದೆ. ಎರಡಕ್ಕೂ ಜಾಹೀರಾತಿನಲ್ಲಿ ಇರುವುದು ಒಂದೇ ಹೆಸರು. ಬಡಾವಣೆಯ ಕೀರ್ತಿಯನ್ನು ಕೇಳಿ ಸುಮ್ಮನಾಗದೆ, ಕೊಳ್ಳಲಿರುವ ಬೀದಿಯ ಮಟ್ಟವನ್ನೇ ನೋಡಬೇಕೆನ್ನುವುದು ಇದಕ್ಕಾಗಿ.

ಎತ್ತರದ ನೆಲಕ್ಕೆ ಬೆಲೆ ಹೆಚ್ಚು, ಬಡವರು ಏನು ಮಾಡಬೇಕು ಎಂದು ಕೇಳಬಹುದು. ಈ ಪ್ರಶ್ನೆ ನ್ಯಾಯವಾದದ್ದು; ಇದಕ್ಕೆ ಪೂರ್ಣವಾದ ಉತ್ತರ ನನ್ನಲ್ಲಿಲ್ಲ. ಕೈಯಲ್ಲಿರುವ ಹಣಕ್ಕೆ ತಗ್ಗಿನಲ್ಲಿ ಮೂರು ಕೋಣೆಯ ಮನೆಯೂ ದಿಣ್ಣೆಯಲ್ಲಿ ಎರಡು ಕೋಣೆಯ ಮನೆಯೂ ಸಿಕ್ಕುವುದಾದರೆ ಎರಡು ಕೋಣೆಯದನ್ನು ಆರಿಸಬೇಕೆಂದಷ್ಟೇ ಹೇಳಬಲ್ಲೆ. ಯಾವುದೂ ನಿಶ್ಚಯವಾಗದಿದ್ದರೆ ಅದೇ ಬೀದಿಯಲ್ಲಿ ಒಂದು ಮಳೆಗಾಲ, ಒಂದು ಬೇಸಗೆ ಬಾಡಿಗೆಗಿದ್ದು ನೋಡುವುದು ಒಳ್ಳೆಯದು. ತಗ್ಗಿನಲ್ಲಿ ಈಗಾಗಲೇ ಇರುವವರ ಪೈಕಿ ಅನೇಕರಿಗೆ ಆಯ್ಕೆಯೇ ಇರಲಿಲ್ಲವೆಂಬುದನ್ನು ಮರೆಯಬಾರದು. ಕಾಗದಪತ್ರಗಳು ಸರಿಯಾಗಿದ್ದರೆ ಸಾಕೆಂಬ ವಾದವನ್ನು ಮಾತ್ರ ನಾನು ಒಪ್ಪಲಾರೆ. ಕೆರೆಯಿಂದ ಎಷ್ಟು ದೂರ ಮನೆ ಕಟ್ಟಬಾರದೆಂಬುದರ ಬಗ್ಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ 75 ಮೀಟರು ಎಂದಿತು. 2019ರಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ತೆಗೆದುಹಾಕಿತು. ನಿಯಮದ ಗೆರೆ ಹೀಗೆ ಅತ್ತಿತ್ತ ಸರಿಯಬಹುದು. ನೀರಿನ ಗೆರೆ ಮಳೆಯನ್ನು ಮಾತ್ರ ಕೇಳುತ್ತದೆ.

ನಗರವನ್ನು ವಿಸ್ತರಿಸುವಾಗ ಆರೋಗ್ಯವನ್ನೂ ನೆಲವನ್ನೂ ಯೋಚಿಸಿದ ಕಾಲವೂ ಇದ್ದಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ದಿನಗಳಲ್ಲಿ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಅಗಲವಾದ ನೇರ ರಸ್ತೆಗಳನ್ನೂ ಮನೆಗಳ ಹಿಂದೆ ನೈರ್ಮಲ್ಯಕ್ಕಾಗಿ ಓಣಿಗಳನ್ನೂ ಬಿಟ್ಟರು. ಭಯದಿಂದ ಹುಟ್ಟಿದ ಬುದ್ಧಿ ಅದು, ನಿಜ. ಆದರೂ ಇಂದಿಗೂ ಜನ ಆ ಬಡಾವಣೆಗಳನ್ನು ಬಯಸುತ್ತಾರೆ.

ಇನ್ನು ವಿದ್ಯಾರ್ಥಿಗಳಾದ ನಿಮ್ಮ ಪಾತ್ರ. ಮನೆ ಕೊಳ್ಳುವವರು ನಿಮ್ಮ ತಂದೆ ತಾಯಿಗಳು. ಆದರೆ ನಕ್ಷೆ ಓದಲು ಮನೆಯಲ್ಲಿ ಕಲಿತಿರುವವರು ಬಹುಶಃ ನೀವೇ. ಭೂಗೋಳದ ತರಗತಿಯಲ್ಲಿ ಬೇಸರದಿಂದ ಎಳೆದ ಸಮೋನ್ನತಿ ರೇಖೆಗಳಿಗೆ ಇಲ್ಲಿ ಉಪಯೋಗವುಂಟು. ಭಾರತೀಯ ಸರ್ವೇಕ್ಷಣ ಇಲಾಖೆಯ ಟೋಪೋ ನಕ್ಷೆಯಲ್ಲಿ ಆ ರೇಖೆಗಳು ಎತ್ತರದ ಕಡೆಗೆ ಬಾಗಿ ‘ವಿ’ ಅಕ್ಷರದಂತೆ ಕಂಡರೆ ಅದು ಕಣಿವೆ. ಗ್ರಾಮ ನಕ್ಷೆಗಳಲ್ಲಿ ಕೆರೆ, ಹಳ್ಳ, ಕಾಲುವೆಗಳ ಗುರುತುಗಳಿರುತ್ತವೆ. ನಿಂತ ಜಾಗದ ಸರ್ವೇ ನಂಬರನ್ನು ದಿಶಾಂಕ್ ಎಂಬ ಸರ್ಕಾರಿ ಆ್ಯಪ್ ತೋರಿಸುತ್ತದೆ. ಹೆಸರುಗಳೂ ಒಮ್ಮೊಮ್ಮೆ ಸುಳಿವು ಕೊಡುತ್ತವೆ. ಅರಕೆರೆಯ ಹೆಸರಿನಲ್ಲಿಯೇ ಕೆರೆಯಿದೆ. ಜಕ್ಕಸಂದ್ರ, ಸಿಂಗಸಂದ್ರಗಳ ‘ಸಂದ್ರ’ವು ‘ಸಮುದ್ರ’ದಿಂದ, ಅಂದರೆ ದೊಡ್ಡ ಕೆರೆಯಿಂದ, ಬಂದುದೆಂದು ಬಲ್ಲವರು ಹೇಳುತ್ತಾರೆ. ಹೊಸ ಬಡಾವಣೆಗಳವರು ಇಡುವ ಸರೋವರ, ಉದ್ಯಾನಗಳ ಸೊಗಸಾದ ಹೆಸರುಗಳನ್ನು ಮಾತ್ರ ನಂಬಬೇಡಿ.

ಮೊಬೈಲಿನಲ್ಲಿ ಕಾಣುವ ಎತ್ತರದಲ್ಲಿ ಹಲವು ಮೀಟರುಗಳ ವ್ಯತ್ಯಾಸವಿರಬಹುದಾದ್ದರಿಂದ ಈ ಕೆಲಸಕ್ಕೆ ಅದು ಬಾರದು. ಮನೆ ಕಟ್ಟುವ ಮೇಸ್ತ್ರಿಗಳು ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಕೊಳವೆಯನ್ನು ಹಿಡಿಯುವುದನ್ನು ನೀವು ನೋಡಿರಬಹುದು. ಕೊಳವೆಯ ಎರಡು ತುದಿಗಳಲ್ಲಿಯೂ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆಂಬುದೇ ಅದರ ಸೂತ್ರ. ಇಬ್ಬರು ಗೆಳೆಯರು ಅದನ್ನು ಹಿಡಿದು, ಎರಡು ತುದಿಗಳಲ್ಲಿಯೂ ನೆಲದಿಂದ ನೀರಿನವರೆಗೆ ಅಳೆದು ಒಂದರಿಂದ ಇನ್ನೊಂದನ್ನು ಕಳೆದರೆ, ಆ ಎರಡು ಸ್ಥಳಗಳ ಎತ್ತರದ ಅಂತರ ಸಿಕ್ಕುತ್ತದೆ. ಹೀಗೆ ಹಂತಹಂತವಾಗಿ ಕಾಲುವೆಯ ದಂಡೆಯಿಂದ ಮನೆಯ ಹೊಸ್ತಿಲವರೆಗೆ ನಡೆದರೆ ಅರ್ಧ ದಿನದಲ್ಲಿ ತಿಳಿಯಬೇಕಾದದ್ದು ತಿಳಿಯುತ್ತದೆ.

ಈ ಕೆಲಸ ಪ್ರತಿಯೊಂದು ಕುಟುಂಬದ ಹೊಣೆಯಾಗಿ ಉಳಿಯಬಾರದೆಂಬುದೂ ನನ್ನ ಅಭಿಪ್ರಾಯ. ಮಾರಾಟಕ್ಕಿಡುವ ಪ್ರತಿಯೊಂದು ಬಡಾವಣೆಯ ನಕ್ಷೆಯಲ್ಲಿ ನೆಲದ ಎತ್ತರದ ಗೆರೆಗಳನ್ನೂ, ಹಳೆಯ ಗ್ರಾಮ ನಕ್ಷೆಯಲ್ಲಿದ್ದ ಕೆರೆ ಕಾಲುವೆಗಳನ್ನೂ, ಕುಡಿಯುವ ನೀರಿನ ಮೂಲವನ್ನೂ ನಮೂದಿಸುವಂತೆ ಕಾನೂನು ಕಡ್ಡಾಯ ಮಾಡಬೇಕು. ಔಷಧದ ಸೀಸೆಯ ಮೇಲೆ ಒಳಗೇನಿದೆಯೆಂದು ಬರೆಯಬೇಕಾದರೆ, ಜೀವಮಾನದ ಗಳಿಕೆಯನ್ನು ಪಡೆದು ಕೊಡುವ ನೆಲದ ಮೇಲೆ ಏಕೆ ಬರೆಯಬಾರದು?

ಅಲ್ಲಿಯವರೆಗೆ, ಮನೆ ನೋಡಲು ಹೋಗುವುದಾದರೆ ಬಿಸಿಲಿನ ಭಾನುವಾರದಂದು ಹೋಗದೆ, ಜೋರು ಮಳೆ ನಿಂತ ಮರುಗಂಟೆಗೆ ಹೋಗುವಂತೆ ಹಿರಿಯರನ್ನು ಒಪ್ಪಿಸಿ. ಕಾಂಪೌಂಡು ಗೋಡೆಯ ಮೇಲೆ ಕೆಸರಿನ ಅಡ್ಡಗೆರೆ ಇದೆಯೇ, ಬಾಗಿಲುಗಳ ಮುಂದೆ ತಡೆಗೆ ಕಟ್ಟೆ ಕಟ್ಟಿದ್ದಾರೆಯೇ, ಎಷ್ಟು ಟ್ಯಾಂಕರುಗಳು ಬಂದು ಹೋಗುತ್ತವೆ ಎಂಬುದನ್ನು ನೋಡಿ. ಬೀದಿಯ ಮೂಲೆಯಲ್ಲಿ ಇಸ್ತ್ರಿ ಮಾಡುವವರನ್ನೋ, ಹೂ ಮಾರುವ ಅಜ್ಜಿಯನ್ನೋ ಮಾತನಾಡಿಸಿ, 2022ರಲ್ಲಿ ಇಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೇಳಿ. ಅವರಿಗೆ ಆ ನಿವೇಶನವನ್ನು ಮಾರುವ ಗರಜಿಲ್ಲ.