ಸದಸ್ಯರ ಪರ ನಿಂತ ಸಂಘ ವೃತ್ತಿಯ ಪರವೂ ನಿಲ್ಲಲಿ

2019ರ ಮೇ 3ರಂದು ದೇಶದ ಹೆರಿಗೆ ಮತ್ತು ಸ್ತ್ರೀರೋಗ ತಜ್ಞರ ಒಕ್ಕೂಟ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಫಾಗ್ಸಿ ಎಂದೇ ಪರಿಚಿತವಾದ ಈ ಒಕ್ಕೂಟದ ಬೇಡಿಕೆ ಎರಡು. ಪ್ರಸವಪೂರ್ವ ಲಿಂಗಪತ್ತೆ ನಿಷೇಧ ಕಾಯ್ದೆಯಲ್ಲಿ ದಾಖಲೆ ಬರೆಯುವಾಗಿನ ತಪ್ಪುಗಳನ್ನು ಅಪರಾಧವೆಂದು ಎಣಿಸಬಾರದು. ಆರೋಪ ನಿಗದಿಯಾದರೆ ವೈದ್ಯರ ನೋಂದಣಿ ಅಮಾನತಿಗೆ ದಾರಿ ಮಾಡುವ ಕಲಮು ರದ್ದಾಗಬೇಕು. ನ್ಯಾಯಮೂರ್ತಿಗಳಾದ ಅರುಣ್ ಮಿಶ್ರಾ ಮತ್ತು ವಿನೀತ್ ಸರಣ್ ಅವರ ಪೀಠ ಎರಡನ್ನೂ ಒಪ್ಪಲಿಲ್ಲ. ಫಾರಂ ಎಫ್ ಸರಿಯಾಗಿ ತುಂಬದಿರುವುದನ್ನು ಗುಮಾಸ್ತರ ಕೈತಪ್ಪು ಎಂದು ಬಿಟ್ಟುಬಿಡಲಾಗದು ಎಂದಿತು. ಪೀಠ ಹೇಳಿದ್ದು ಸರಿಯಾಗಿಯೇ ಇದೆ.

ಗರ್ಭಿಣಿಯ ಸ್ಕ್ಯಾನಿಂಗ್ ಮಾಡುವಾಗ ತುಂಬಬೇಕಾದ ಫಾರಂ ಎಫ್‌ನಲ್ಲಿ ಏನಿದೆ ಎಂದು ನೋಡಿದರೆ ಕಾರಣ ತಿಳಿಯುತ್ತದೆ. ಗರ್ಭಿಣಿಯ ಹೆಸರು, ವಿಳಾಸ, ಆಕೆಗೆ ಎಷ್ಟು ಮಕ್ಕಳು, ಅವರಲ್ಲಿ ಗಂಡೆಷ್ಟು ಹೆಣ್ಣೆಷ್ಟು, ಸ್ಕ್ಯಾನಿಂಗ್‌ಗೆ ಕಳಿಸಿದ ವೈದ್ಯರು ಯಾರು, ಯಾವ ಕಾರಣಕ್ಕೆ ಎಂಬುದೆಲ್ಲ ಅದರಲ್ಲಿ ಇರಬೇಕು. ಪ್ರತಿ ತಿಂಗಳ ವರದಿ ಮರುತಿಂಗಳ 5ರೊಳಗೆ ಸಕ್ಷಮ ಪ್ರಾಧಿಕಾರಕ್ಕೆ ಹೋಗಬೇಕು. ಮುಚ್ಚಿದ ಬಾಗಿಲ ಹಿಂದೆ ವೈದ್ಯರು ತಲೆಯಾಡಿಸಿಯೋ ಕಣ್ಸನ್ನೆಯಲ್ಲೋ ಮಗು ಯಾವುದೆಂದು ಹೇಳಿದರೆ ಅದಕ್ಕೆ ಸಾಕ್ಷಿ ಸಿಗುವುದಿಲ್ಲ. ಎರಡು ಹೆಣ್ಣುಮಕ್ಕಳ ತಾಯಂದಿರು ಒಂದೇ ಕೇಂದ್ರಕ್ಕೆ ಮತ್ತೆ ಮತ್ತೆ ಬರುತ್ತಿದ್ದಾರೆಯೇ, ಅವರ ಗರ್ಭ ಮುಂದೇನಾಯಿತು ಎಂದು ಹುಡುಕಲು ತನಿಖೆಯವರಿಗೆ ಉಳಿಯುವುದು ಈ ಕಾಗದವೊಂದೇ. ಅದರ ಕಾಲಂಗಳನ್ನು ಖಾಲಿ ಬಿಟ್ಟರೆ ಆ ದಾರಿಯೂ ಮುಚ್ಚಿತು.

ವೈದ್ಯರ ಸಂಕಟ ಸುಳ್ಳಲ್ಲ. ಇಲ್ಲಿ ಲಿಂಗ ಪತ್ತೆ ಮಾಡುವುದಿಲ್ಲ ಎಂಬ ಫಲಕ ಗೋಡೆಯ ಮೇಲೆ ಇಲ್ಲದ್ದಕ್ಕೂ ಲಿಂಗ ಪತ್ತೆಗೂ ಒಂದೇ ತಕ್ಕಡಿಯಾದರೆ ಹೇಗೆ ಎಂಬ ಸಿಟ್ಟಿನಲ್ಲೇ 2016ರ ಸೆಪ್ಟೆಂಬರ್ 1ರಂದು ರೇಡಿಯಾಲಜಿ ತಜ್ಞರ ಸಂಘ ದೇಶದಾದ್ಯಂತ ಮುಷ್ಕರ ಹೂಡಿತ್ತು. ತಾಲ್ಲೂಕು ಕೇಂದ್ರದಲ್ಲಿರುವ ಒಂದೇ ಸ್ಕ್ಯಾನಿಂಗ್ ಯಂತ್ರಕ್ಕೆ ಸೀಲ್ ಬಿದ್ದರೆ ನರಳುವವರು ಬಸುರಿಯರೇ. ಅಧಿಕಾರಿಗಳು ವಿವೇಚನೆ ಬಳಸಬೇಕು, ತಪ್ಪಿನ ತೂಕಕ್ಕೆ ತಕ್ಕ ಶಿಕ್ಷೆ ಇರಬೇಕು ಎಂಬ ವಾದಕ್ಕೆ ಯಾರೂ ತಕರಾರು ಎತ್ತಬೇಕಿಲ್ಲ.

ತಕರಾರು ಇರುವುದು ಸಂಘದ ಆದ್ಯತೆಯ ಬಗ್ಗೆ. ಈಗ 500 ರೂಪಾಯಿ ಖರ್ಚು ಮಾಡಿ, ಮುಂದೆ ವರದಕ್ಷಿಣೆಯ 50,000 ಉಳಿಸಿ ಎಂದು ಲಿಂಗ ಪತ್ತೆಯ ಕ್ಲಿನಿಕ್‌ಗಳು ಜಾಹೀರಾತು ಕೊಡುತ್ತಿದ್ದ 1980ರ ದಶಕದಲ್ಲಿ ಮುಂಬಯಿಯ ಬೀದಿಗಿಳಿದು ಹೋರಾಡಿದವರು ಮಹಿಳಾ ಸಂಘಟನೆಗಳ ಹೆಂಗಸರು. ಅದರ ಫಲವಾಗಿ 1988ರಲ್ಲಿ ಮಹಾರಾಷ್ಟ್ರದ ಕಾನೂನು, 1994ರಲ್ಲಿ ಕೇಂದ್ರದ ಕಾಯ್ದೆ ಬಂದವು. ಕಾಯ್ದೆ ಕಾಗದದಲ್ಲೇ ಉಳಿದಾಗ 2000ದಲ್ಲಿ ಸುಪ್ರೀಂ ಕೋರ್ಟಿನ ಕದ ತಟ್ಟಿದವರು ಸೆಹತ್, ಮಾಸೂಮ್ ಸಂಸ್ಥೆಗಳು ಮತ್ತು ಹೋರಾಟಗಾರ ಸಾಬು ಜಾರ್ಜ್. ಇಷ್ಟರಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳ ಸಂಖ್ಯೆ 1991ರ 945ರಿಂದ 2001ರಲ್ಲಿ 927ಕ್ಕೆ, 2011ರಲ್ಲಿ 918ಕ್ಕೆ ಕುಸಿಯಿತು. ಯಂತ್ರದ ಮುಂದೆ ಕೂರುವವರು ತಜ್ಞ ವೈದ್ಯರು. ಆ ತಜ್ಞರ ಸಂಘ ಇದೇ ಕಾಯ್ದೆಯ ಬಗ್ಗೆ ಕೋರ್ಟಿಗೆ ಹೋದದ್ದು ಅದನ್ನು ಬಿಗಿಗೊಳಿಸಿ ಎನ್ನಲು ಅಲ್ಲ, ಸಡಿಲಿಸಿ ಎನ್ನಲು.

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. 2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಭೇದಿಸಿದ ಹೆಣ್ಣುಭ್ರೂಣ ಹತ್ಯೆಯ ಜಾಲದಲ್ಲಿ ಮಂಡ್ಯದ ಆಲೆಮನೆಯೊಂದು ಸ್ಕ್ಯಾನಿಂಗ್ ಕೋಣೆಯಾಗಿತ್ತು. ಬಂಧಿತರಲ್ಲಿ ವೈದ್ಯರೂ ಇದ್ದರು. ಸುಮಾರು 900 ಗರ್ಭಪಾತಗಳ ಲೆಕ್ಕವನ್ನು ಪೊಲೀಸರು ಹೇಳಿದರು. ತನಿಖೆ ಸಿಐಡಿ ಕೈಸೇರಿತು. ಕಳ್ಳರು ಆಲೆಮನೆಯಲ್ಲಿದ್ದಾರೆ, ನೋಂದಾಯಿತ ಕೇಂದ್ರದವರನ್ನೇಕೆ ಕಾಡುತ್ತೀರಿ ಎಂದು ವೈದ್ಯರು ಕೇಳಬಹುದು. ಆದರೆ ಆಲೆಮನೆಗೆ ಯಂತ್ರ ತಾನಾಗಿ ನಡೆದುಕೊಂಡು ಬರುವುದಿಲ್ಲ. ಅದನ್ನು ಯಾರೋ ಮಾರಿದ್ದಾರೆ, ಯಾರೋ ಕಲಿತ ಕೈಯಿಂದ ಚಲಾಯಿಸಿದ್ದಾರೆ. ಯಾವ ಊರಲ್ಲಿ ಯಾರು ಏನು ಮಾಡುತ್ತಾರೆಂಬ ಸುದ್ದಿ ಪೊಲೀಸರಿಗಿಂತ ಮೊದಲು ಆ ಜಿಲ್ಲೆಯ ವೈದ್ಯರ ಕಿವಿಗೆ ಬೀಳುತ್ತದೆ. ಜಿಲ್ಲಾ ಶಾಖೆಗಳಿರುವ ಸಂಘಕ್ಕೆ ಆ ಸುದ್ದಿಯನ್ನು ಪ್ರಾಧಿಕಾರಕ್ಕೆ ಮುಟ್ಟಿಸುವುದು ಕಷ್ಟದ ಕೆಲಸವಲ್ಲ.

ಫಾಗ್ಸಿ ಮನಸ್ಸು ಮಾಡಿದರೆ ಏನು ಮಾಡಬಲ್ಲದು ಎಂಬುದಕ್ಕೆ ಅದರದೇ ಮಾನ್ಯತಾ ಕಾರ್ಯಕ್ರಮ ಸಾಕ್ಷಿ. ಖಾಸಗಿ ಹೆರಿಗೆ ಆಸ್ಪತ್ರೆಗಳಿಗೆ 16 ಮಾನದಂಡಗಳನ್ನು ನಿಗದಿಮಾಡಿ, ಸಿಬ್ಬಂದಿಗೆ ತರಬೇತಿ ಕೊಟ್ಟು, ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಕೆಲಸ ಅದು. ಸರ್ಕಾರ ಬಲವಂತ ಮಾಡದೆ ತಜ್ಞರು ತಮಗೆ ತಾವೇ ಹಾಕಿಕೊಂಡ ಶಿಸ್ತು. ಬಾಣಂತಿಯರ ಜೀವ ಉಳಿಸುವುದರಲ್ಲಿ ಇಷ್ಟು ಕಟ್ಟುನಿಟ್ಟಾಗಬಲ್ಲವರು ಸ್ಕ್ಯಾನಿಂಗ್ ಕೋಣೆಯ ವಿಷಯದಲ್ಲೂ ಆಗಬಲ್ಲರು.

ದಾಖಲೆಯ ಸಣ್ಣ ತಪ್ಪಿಗೆ ಬೇರೆ ಶಿಕ್ಷೆ ಬೇಕೆಂದು ಸರ್ಕಾರದ ಮುಂದೆ ಮತ್ತೆ ಕೂರುವ ದಿನ ಫಾಗ್ಸಿ ಮತ್ತು ರೇಡಿಯಾಲಜಿ ಸಂಘ ತಮ್ಮ ಕಡೆಯಿಂದಲೂ ಕೆಲವು ಮಾತು ಕೊಡಲಿ. ಜಿಲ್ಲಾ ಶಾಖೆಗಳು ಸದಸ್ಯರ ಫಾರಂ ಎಫ್‌ಗಳನ್ನು ವರ್ಷಕ್ಕೊಮ್ಮೆ ತಾವೇ ತಪಾಸಣೆ ಮಾಡಿ ವರದಿ ಪ್ರಕಟಿಸಲಿ. ಹಳೆಯ ಯಂತ್ರ ಮಾರುವಾಗ ಅದು ಯಾರ ಕೈಸೇರಿತು ಎಂಬ ಲೆಕ್ಕ ಶಾಖೆಯ ಬಳಿಯೂ ಇರಲಿ. ಲಿಂಗ ಪತ್ತೆ ಪ್ರಕರಣದಲ್ಲಿ ಶಿಕ್ಷೆಯಾದವರ ಸದಸ್ಯತ್ವ ರದ್ದಾಗಲಿ, ಆ ಹೆಸರುಗಳನ್ನು ಸಂಘವೇ ಸಾರ್ವಜನಿಕರಿಗೆ ತಿಳಿಸಲಿ. ಇಷ್ಟನ್ನು ಮೇಜಿನ ಮೇಲಿಟ್ಟ ಬಳಿಕ, ಫಲಕ ಹಾಕದ ತಪ್ಪಿಗೆ ಯಂತ್ರ ಸೀಲ್ ಮಾಡಬೇಡಿ ಎಂದು ಕೇಳಿದರೆ ಆ ಬೇಡಿಕೆಯನ್ನು ಮಹಿಳಾ ಸಂಘಟನೆಗಳೂ ಬೆಂಬಲಿಸಬಹುದು.